ಗೋಡೆಗೆ ಹಚ್ಚಬಾರದಿದ್ದ ಪಾಠ

ಆ ವರ್ಷ ಒಂದನೇ ತರಗತಿಯ ಹೊರಗಿನ ಗೋಡೆಗೆ ನಾನು ಇಪ್ಪತ್ತೆರಡು ಕಾಗದ ಹಚ್ಚಿದ್ದೆ. ಅದರಲ್ಲಿ ಒಂದನ್ನು ಹಚ್ಚಬಾರದಿತ್ತು. ಹಚ್ಚುವಾಗ ನಿಮಗೆ ಗೊತ್ತಿತ್ತೇ ಎಂದು ಆಮೇಲೆ ಹಲವರು ಕೇಳಿದರು. ಗೊತ್ತಿರಲಿಲ್ಲ ಎಂದೇ ಎಲ್ಲರಿಗೂ ಹೇಳಿದೆ. ಅದು ಪೂರ್ತಿ ನಿಜವಲ್ಲ.

ಗ್ಲೆಂಡೇಲ್ ಹೈಟ್ಸ್‌ಗೆ ಹತ್ತಿರದ ಆ ಅಮೆರಿಕನ್ ಸರಕಾರಿ ಶಾಲೆಯಲ್ಲಿ ಅದು ನನ್ನ ಎರಡನೇ ವರ್ಷ. ನೌಕರಿ ಖಾಯಂ ಆಗಿರಲಿಲ್ಲ. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬುದು ಪ್ರಿನ್ಸಿಪಾಲರು ತರಗತಿಗೆ ಬಂದು ಕೂತು ಬರೆಯುವ ವರದಿಯ ಮೇಲೆ ನಿಂತಿತ್ತು. ನವೆಂಬರ್‌ನಲ್ಲಿ ಮೂರು ವಾರದ ಸಮಾಜ ಪಾಠ: ಶಾಲೆಗಳೂ ಕುಟುಂಬಗಳೂ ಕಾಲದಿಂದ ಕಾಲಕ್ಕೆ ಹೇಗೆ ಬದಲಾಗುತ್ತವೆ. ಇದಕ್ಕೆಂದೇ ಮೇಲಿನ ಕಚೇರಿಯಿಂದ ಒಂದು ಡಬ್ಬಿ ಬರುತ್ತದೆ. ಅದರ ತುಂಬ ಚಿತ್ರದ ಕಾರ್ಡುಗಳು. ಸ್ಲೇಟು, ಲ್ಯಾಪ್‌ಟಾಪ್, ಕುದುರೆ ಗಾಡಿ, ಹಳದಿ ಬಸ್ಸು. ಮಕ್ಕಳು ಅವನ್ನು 'ಆಗ', 'ಈಗ' ಎಂದು ಎರಡು ಗುಂಪು ಮಾಡಬೇಕು.

ಮೊದಲ ದಿನ ನಾನು ಡಬ್ಬಿಯ ಕಾರ್ಡುಗಳ ನಡುವೆ ನನ್ನದೊಂದು ಫೋಟೊ ಸೇರಿಸಿದೆ. ಮಂಡ್ಯದ ಹತ್ತಿರ ನನ್ನ ಚಿಕ್ಕಪ್ಪನ ಮಗಳು ಕಲಿಸುವ ಶಾಲೆ. ಇಲ್ಲಿನ ಬೇಸಿಗೆ ರಜೆಯಲ್ಲಿ, ಜುಲೈನಲ್ಲಿ, ಊರಿಗೆ ಹೋದಾಗ ನಾನೇ ತೆಗೆದದ್ದು. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತು ಓದುತ್ತಿದ್ದಾರೆ. ಐದು ಗುಂಪುಗಳೂ ಅದನ್ನು 'ಆಗ' ಎಂಬ ಕಡೆ ಇಟ್ಟವು.

"ಹೇಗೆ ಗೊತ್ತಾಯಿತು?" ಎಂದೆ.

"ಕುರ್ಚಿ ಇಲ್ಲ," ಎಂದು ಒಂದು ಮಗು. "ಶೂ ಇಲ್ಲ," ಎಂದು ಇನ್ನೊಂದು.

ಇದು ನಾಲ್ಕು ತಿಂಗಳ ಹಿಂದಿನ ಫೋಟೊ, ಈ ಮಕ್ಕಳಿಗೆ ನಿಮ್ಮದೇ ವಯಸ್ಸು ಎಂದೆ. ಯಾರೂ ನಂಬಲಿಲ್ಲ. ಅವರ ಲೆಕ್ಕದಲ್ಲಿ ಏನೋ ಒಂದು ಇಲ್ಲ ಎಂದರೆ ಅದು ಹಳೆಯದು. ಡಬ್ಬಿ ಅವರಿಗೆ ಕಾಲವನ್ನು ಕಲಿಸುತ್ತಿರಲಿಲ್ಲ, ಬಡತನವನ್ನು ಗುರುತಿಸುವುದನ್ನು ಕಲಿಸುತ್ತಿತ್ತು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಮಾಡಿದ ಪಾಠಯೋಜನೆ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಎಲ್ಲೋ ಒಂದು ತೂತು ಉಳಿದಿರುತ್ತದೆ ಎಂದು ಈಗ ತಿಳಿದಿದೆ.

ಕಾಲ ಎಂಬುದು ಅವರ ಮೈಗೇ ತಾಗಬೇಕು ಎಂದುಕೊಂಡೆ. ಉದ್ದದ ಕಾಗದ, ಅದರಲ್ಲಿ ನಾಲ್ಕು ಚೌಕ: ಹುಟ್ಟಿದಾಗ, ಮೂರು ವರ್ಷದಲ್ಲಿ, ಕಿಂಡರ್‌ಗಾರ್ಟನ್‌ನಲ್ಲಿ, ಈಗ. ಪ್ರತಿ ಚೌಕದಲ್ಲಿ ನಿನ್ನ ಮನೆಯವರ ಚಿತ್ರ ಬರೆ. ಕೆಳಗೆ ಎರಡು ವಾಕ್ಯ: ಏನು ಬದಲಾಯಿತು, ಏನು ಬದಲಾಗಲಿಲ್ಲ. ಮನೆಗೆ ಒಂದು ಚೀಟಿ ಕಳಿಸಿದೆ, ಮಗುವಿನ ಜೊತೆ ಕೂತು ಮಾತಾಡಿ ಎಂದು.

ಪಕ್ಕದ ತರಗತಿಯ ಟೀಚರ್ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು. ಚೀಟಿ ಓದಿ ವಾಪಸ್ ಕೊಟ್ಟರು. "ಡಬ್ಬಿ ಬೇಜಾರಿನದು, ಒಪ್ಪುತ್ತೇನೆ," ಎಂದರು. "ಆದರೆ ಆ ಡಬ್ಬಿಯಿಂದಾಗಿ ಯಾವ ಪೋಷಕರೂ ಇವತ್ತಿನವರೆಗೆ ಆಫೀಸಿಗೆ ಫೋನ್ ಮಾಡಿಲ್ಲ."

ನಾನು ನಕ್ಕೆ.

ನನ್ನ ತರಗತಿಯಲ್ಲಿ ಒಬ್ಬಳು ಕನ್ನಡದ ಹುಡುಗಿ ಇದ್ದಳು. ಆರೂವರೆ ವರ್ಷ. ಶಾಲೆಯ ಮೊದಲ ದಿನ ನನ್ನ ಹತ್ತಿರ ಬಂದು ಗುಟ್ಟಾಗಿ "ನಿಮ್ಗೆ ಕನ್ನಡ ಬರುತ್ತಾ?" ಎಂದು ಕೇಳಿದ್ದಳು. ಬರುತ್ತೆ ಎಂದ ಮೇಲೆ ಮತ್ತೆಂದೂ ನನ್ನೊಡನೆ ಕನ್ನಡ ಆಡಲಿಲ್ಲ. ತಾಯಿ ಬೆಂಗಳೂರಿನವರು, ಆಸ್ಪತ್ರೆಯಲ್ಲಿ ಡಾಕ್ಟರ್. ತಂದೆ ಗದಗ ಕಡೆಯವರು, ಕಾರು ಎಂಜಿನಿಯರ್, ಐದು ಗಂಟೆ ದಾರಿಯ ಮಿಶಿಗನ್‌ನ ವಾರೆನ್‌ನಲ್ಲಿ ಕೆಲಸ. ಸೆಪ್ಟೆಂಬರ್‌ನಲ್ಲಿ ತಂದೆಯ ತಾಯಿ ಊರಿಂದ ಬಂದಿದ್ದರು. ಮಗುವನ್ನು ಕರೆದೊಯ್ಯಲು ದಿನವೂ ಅವರೇ ಹತ್ತಿರದ ತಮ್ಮ ಬಡಾವಣೆಯಿಂದ ನಡೆದು ಬರುತ್ತಿದ್ದರು. ನನಗೆ ಗೊತ್ತಿದ್ದದ್ದು ಇಷ್ಟೇ.

ಹುಡುಗಿಯ ಕೊನೆಯ ಚೌಕದಲ್ಲಿ ಎರಡು ಮನೆಗಳಿದ್ದವು. ನಡುವೆ ಎಕ್ಸಿಟ್‌ಗಳಿರುವ ಉದ್ದದ ಹೈವೇ. ಒಂದು ಮನೆಯಲ್ಲಿ ಅಮ್ಮ, ಅಜ್ಜಿ, ತಾನು. ಇನ್ನೊಂದರಲ್ಲಿ ಅಪ್ಪ ಒಬ್ಬರೇ. ಕೆಳಗೆ ಇಂಗ್ಲಿಷಿನಲ್ಲಿ, ತಪ್ಪು ಕಾಗುಣಿತದಲ್ಲಿ ಬರೆದಿದ್ದಳು: ಅಪ್ಪನಿಗೆ ಬೇರೆ ಮನೆ ಇದೆ, ಅಮ್ಮ ಅಪ್ಪ ಈಗ ಮ್ಯಾರೀಡ್ ಅಲ್ಲ. ಬದಲಾಗದ್ದು: ನಮ್ಮ ಬೆಕ್ಕು.

ಇಪ್ಪತ್ತೆರಡರಲ್ಲಿ ಪಾಠವನ್ನು ನಿಜಕ್ಕೂ ಹಿಡಿದದ್ದು ಅದೊಂದೇ. ಉಳಿದವರು ನಾನು ಉದ್ದ ಆದೆ, ನನಗೆ ಹಲ್ಲು ಬಿತ್ತು ಎಂದು ಬರೆದಿದ್ದರು. ಸ್ಟೇಪ್ಲರ್ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತೆ. ತಾಯಿಗೆ ಒಂದು ಫೋನ್ ಮಾಡಬೇಕೇನೋ ಎಂದು ಅನ್ನಿಸಿತು. ಮನೆಗೆ ಚೀಟಿ ಹೋಗಿದೆಯಲ್ಲ, ಅವರು ನೋಡಿಯೇ ಕಳಿಸಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಕಾಗದವನ್ನು ಗೋಡೆಯ ನಟ್ಟನಡುವೆ ಹಚ್ಚಿದೆ.

ಆ ವಾರ ಶಾಲೆಯಲ್ಲಿ ಪುಸ್ತಕ ಮೇಳವಿತ್ತು. ಶಾಲೆ ಬಿಟ್ಟ ಮೇಲೆ ಮನೆಯವರಿಗೆ ಒಳಗೆ ಬರಲು ಅನುಮತಿ. ಮಂಗಳವಾರ ನಾನು ಹೊರಗೆ ಬಂದಾಗ ಅಜ್ಜಿ ಗೋಡೆಯ ಮುಂದೆ ನಿಂತಿದ್ದರು. ಸೀರೆಯ ಮೇಲೆ ದಪ್ಪ ಕೋಟು. ಒಂದೊಂದು ಪದದ ಕೆಳಗೂ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು.

"ನಮಸ್ಕಾರ ಅಮ್ಮಾ. ಮೊಮ್ಮಗಳ ಕೆಲಸ ನೋಡ್ತಿದೀರಾ?" ಎಂದೆ, ಹೆಮ್ಮೆಯಿಂದಲೇ.

ಅವರು ತಿರುಗಲಿಲ್ಲ. "ಮ್ಯಾರೀಡ್ ಅಂತ ಹಿಂಗ ಬರೀತಾರೇನ್ರಿ?"

"ಈ ವಯಸ್ಸಲ್ಲಿ ಸ್ಪೆಲ್ಲಿಂಗ್ ತಿದ್ದಲ್ಲ ಅಮ್ಮಾ, ಆಮೇಲೆ ತಾನಾಗೇ..."

"ಕಾಗುಣಿತ ಬಿಡ್ರಿ. ಬರದದ್ದು ಖರೆ ಏನು?"

ಇವರಿಗೆ ಇದು ಗೊತ್ತೇ ಇಲ್ಲ ಎಂದು ಆಗ ನನಗೆ ಹೊಳೆಯಿತು. ಅಷ್ಟರಲ್ಲಿ ಹುಡುಗಿ ಬ್ಯಾಗು ಹಾಕಿಕೊಂಡು ಬಂದಳು. ಅಜ್ಜಿಯ ಬೆರಳು ಎಲ್ಲಿದೆ ಎಂದು ನೋಡಿ ಅಲ್ಲೇ ನಿಂತುಬಿಟ್ಟಳು.

ಅಜ್ಜಿ ನನ್ನ ಕಡೆ ತಿರುಗಿದರು. "ಎಷ್ಟ ವರ್ಷಾತು ನೀವು ಕಲಸಾಕ ಹತ್ತಿ?"

"ಇಲ್ಲಿ ಎರಡು ವರ್ಷ."

"ನಾ ಮೂವತ್ತ ವರ್ಷ ಕನ್ನಡ ಸಾಲ್ಯಾಗ ಅಕ್ಕೋರಾಗಿ ಕಲಿಸೀನಿ. ಕುಡುಕರ ಮಕ್ಕಳಿದ್ರು, ತಾಯಿ ಬಿಟ್ಟ ಹೋದ ಮಕ್ಕಳಿದ್ರು. ಎಲ್ಲಾ ನನ್ನ ಮುಂದ ಹೇಳ್ತಿದ್ರು. ಒಬ್ಬರ ಮನೀ ಸುದ್ದೀನೂ ನಾ ಗ್ವಾಡಿಗೆ ಹಚ್ಚಲಿಲ್ಲ." ಮೊಮ್ಮಗಳ ಕೈ ಹಿಡಿದರು. "ಎರಡ ತಿಂಗಳಾತು. ಮಗಾ ಇಲ್ಲದ ಮನ್ಯಾಗ ಕುಂತು ಉಣ್ಣಾಕತ್ತೀನಿ. ಇವತ್ತ ಗೊತ್ತಾತು ನನಗ."

ಅವರು ಹೋದ ಮೇಲೆ ನಾನು ಆ ಕಾಗದ ತೆಗೆದೆ. ಕೀಳುವಾಗ ಸ್ಟೇಪ್ಲರ್ ಪಿನ್ನು ಬೆರಳಿಗೆ ಚುಚ್ಚಿತು. ನೋವಿಗಿಂತ ಸಿಟ್ಟೇ ಹೆಚ್ಚಾಗಿತ್ತು, ಅದೂ ಆ ತಾಯಿಯ ಮೇಲೆ. ಮಗುವಿಗೆ ಹೇಳಿ ಅತ್ತೆಗೆ ಮುಚ್ಚಿಟ್ಟವರು ಅವರು, ಸಿಕ್ಕಿಬಿದ್ದವಳು ನಾನು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಏಳೂವರೆಗೆ ತಾಯಿ ಆಫೀಸಿನಲ್ಲಿದ್ದರು, ಆಸ್ಪತ್ರೆಯ ನೀಲಿ ಉಡುಪಿನಲ್ಲೇ. ಮೇಜಿನ ಆಚೆ ಪ್ರಿನ್ಸಿಪಾಲರು ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ತಾಯಿ ಅವರೊಡನೆ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಮಾತಾಡಿದರು: ಲಿಖಿತ ದೂರು, ಮಗಳಿಗೆ ಬೇರೆ ತರಗತಿ. ಆಮೇಲೆ ನನ್ನ ಕಡೆ ತಿರುಗಿ ಕನ್ನಡಕ್ಕೆ ಇಳಿದರು.

"ಜನವರಿವರೆಗೂ ಅಮ್ಮಂಗೆ ಹೇಳ್ಬೇಡ, ಅವ್ರ ಬಿ.ಪಿ. ಸರಿಯಿಲ್ಲ, ನಾನೇ ಬಂದು ಹೇಳ್ತೀನಿ ಅಂತ ಅವ್ರ ಮಗ ಕೇಳ್ಕೊಂಡಿದ್ರು. ಪ್ರತಿ ಶನಿವಾರ ಬಂದು ಏನೂ ಆಗಿಲ್ಲ ಅನ್ನೋ ಥರ ಸೋಫಾ ಮೇಲೆ ಕೂತಿರ್ತಿದ್ರು. ನಾನು ಅಡುಗೆ ಮಾಡಿ ಬಡಿಸ್ತಿದ್ದೆ. ಅದನ್ನೆಲ್ಲ ಹೇಗೋ ಮ್ಯಾನೇಜ್ ಮಾಡ್ತಿದ್ದೆ ನಾನು. ಒಂದ್ ಫೋನ್ ಮಾಡೋಕಾಗ್ಲಿಲ್ವಾ ನಿಮ್ಗೆ?"

"ಮನೆಗೆ ಚೀಟಿ ಕಳಿಸಿದ್ದೆ," ಎಂದೆ.

"ಚೀಟಿ! ಆ ವಾರ ನನ್ಗೆ ನಾಲ್ಕು ಶಿಫ್ಟ್ ಇತ್ತು. ನೀವು ಕನ್ನಡದವ್ರು. ಬೇರೆ ಟೀಚರ್‌ಗೆ ಗೊತ್ತಾಗಲ್ಲ ಅಂದ್ರೆ ಒಪ್ಕೋತೀನಿ. ನಮ್ಮ ಮನೆಗಳಲ್ಲಿ ಈ ಮಾತು ಏನು ಮಾಡುತ್ತೆ ಅಂತ ನಿಮ್ಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಎಂದೆ. ಸಾರಿ ಎಂದೆ.

"ನಿಮ್ಮ ಸಾರಿ ನೀವೇ ಇಟ್ಕೊಳ್ಳಿ."

ಅವರು ಹೋದ ಮೇಲೆ ಪ್ರಿನ್ಸಿಪಾಲರು ಮೂರು ಮಾತು ಹೇಳಿದರು. ಗೋಡೆಯ ಮೇಲಿನದೆಲ್ಲ ಇವತ್ತೇ ಇಳಿಯಬೇಕು. ಉಳಿದ ಪಾಠ ಡಬ್ಬಿಯಿಂದಲೇ ನಡೆಯಬೇಕು. ಮುಂದಿನ ಗುರುವಾರಕ್ಕೆ ನಿಗದಿಯಾಗಿದ್ದ, ವರದಿ ಬರೆಯಲು ಅವರು ಬಂದು ಕೂರುವ ನನ್ನ ತರಗತಿ ಪರೀಕ್ಷಣೆ ಮುಂದಕ್ಕೆ ಹೋಗುವುದಿಲ್ಲ.

ಮುಂದಿನ ದಿನಗಳು ತಣ್ಣಗಿದ್ದವು, ಹೊರಗೂ ಒಳಗೂ. ಇಳಿಸಿದ ಕಾಗದಗಳನ್ನು ನೋಡಿ, ನಮ್ಮ ಮಗುವಿನದನ್ನು ಏಕೆ ತೆಗೆದಿರಿ ಎಂದು ಬೇರೆ ಇಬ್ಬರು ಪೋಷಕರು ಜಗಳಕ್ಕೆ ಬಂದರು. ಶನಿವಾರ ಲೆಮಾಂಟ್‌ನ ದೇವಸ್ಥಾನಕ್ಕೆ ಹೋದಾಗ ಊಟದ ಸಾಲಿನಲ್ಲಿ ಪರಿಚಯವಿಲ್ಲದ ಒಬ್ಬ ಆಂಟಿ, "ನೀವೇನಾ ಆ ಟೀಚರ್?" ಎಂದರು. ನಾನು ಹೌದೆನ್ನುವ ಮೊದಲೇ ತಟ್ಟೆ ಹಿಡಿದುಕೊಂಡು ಬೇರೆ ಸಾಲಿಗೆ ಹೋದರು. ನನ್ನ ಹಿಂದೆ ಇದ್ದವರೂ ಹಾಗೇ ಮಾಡಿದರು. ಪುಳಿಯೋಗರೆ ತಿನ್ನದೆ ಕಾರು ಹತ್ತಿದೆ.

ಸೋಮವಾರ ಹುಡುಗಿ ಒಂದು ಹೊಸ ಕಾಗದ ತಂದುಕೊಟ್ಟಳು. ನಾನು ಕೇಳಿರಲಿಲ್ಲ. ನಾಲ್ಕು ಚೌಕ. ನಾಲ್ಕರಲ್ಲೂ ಒಂದೇ ಚಿತ್ರ: ಒಂದು ಮನೆ, ಅಮ್ಮ, ಅಪ್ಪ, ತಾನು. ನಾಲ್ಕನೆಯದರಲ್ಲಿ ಅಜ್ಜಿಯೂ ಇದ್ದರು, ಅಪ್ಪನ ಕೈ ಹಿಡಿದು. ಕೆಳಗೆ: ಏನೂ ಬದಲಾಗಿಲ್ಲ. ಈ ಸಲ ಕಾಗುಣಿತ ಒಂದೂ ತಪ್ಪಿರಲಿಲ್ಲ.

ಮಧ್ಯಾಹ್ನ ತಾಯಿಯ ಇಮೇಲ್ ಬಂತು: 'ಮಗಳು ಅಸೈನ್‌ಮೆಂಟ್ ಮತ್ತೆ ಮಾಡಿದ್ದಾಳೆ. ಇದಕ್ಕೆ ಅಂಕ ಕೊಟ್ಟು ವಿಷಯ ಮುಗಿಸಿ.'

ಕೊಡಬಹುದಿತ್ತು. ಕೊಟ್ಟಿದ್ದರೆ ದೂರು ಅರ್ಧ ತಣ್ಣಗಾಗುತ್ತಿತ್ತು. ಪೆನ್ನು ಹಿಡಿದು ಕೂತೆ. ಅಂಕ ಕೊಡುವ ಪಟ್ಟಿಯಲ್ಲಿ 'ಬದಲಾವಣೆಯನ್ನು ಗುರುತಿಸುತ್ತಾಳೆ' ಎಂಬಲ್ಲಿ ಟಿಕ್ ಹಾಕಬೇಕಿತ್ತು.

ಅಂದು ಗೇಟಿನಲ್ಲಿ ಅಜ್ಜಿ ನನಗಾಗಿಯೇ ಕಾಯುತ್ತಿದ್ದರು. ಮೊಮ್ಮಗಳನ್ನು ಉಯ್ಯಾಲೆಯ ಕಡೆ ಕಳಿಸಿ ನನ್ನೆದುರು ಬಂದು ನಿಂತರು.

"ನಿಮ್ಮ ಮ್ಯಾಲಿನ ಸಿಟ್ಟ ಹೋಗಿಲ್ಲ ನನಗ. ಅದನ್ನ ಮೊದಲ ಹೇಳಿಬಿಡ್ತೀನಿ."

"ಸರಿ ಅಮ್ಮಾ."

"ಆಕಿ ಇವತ್ತ ಒಂದ ಹಾಳಿ ತಂದಾಳಲ್ಲ, ಅದನ್ನ ಅವರವ್ವ ಬರಿ ಅಂದಿಲ್ಲ, ಅವರಪ್ಪ ಅಂದಿಲ್ಲ. ನಾ ಅಳೂದು ನೋಡಿ ಕೂಸು ತಾನ ಬರದೈತಿ. ನನ್ನ ಬಾಜೂಕ ಕುಂತು, ಒಂದೊಂದ ಚೌಕಾ ಬರದಂಗ ನನ್ನ ಮಾರಿ ನೋಡತಿತ್ತು." ಅವರ ದನಿ ಒಡೆಯಲಿಲ್ಲ, ಗಡಸಾಯಿತು. "ಅದಕ್ಕ ಮಾರ್ಕ್ಸ್ ಕೊಟ್ಟೀರಿ ಅಂದ್ರ ನೋಡ್ರಿ ಮತ್ತ. ಎಲ್ಲಾರೂ ಸೇರಿ ನನ್ನ ಮುಂದ ನಾಟಕ ಮಾಡಿದ್ರು. ಖರೆ ಹೇಳಿದ್ದು ಆ ಕೂಸು ಒಂದ. ಸುಳ್ಳ ಬರದ್ರ ಶಾಬಾಸ್ ಅಂತಾರ ಅಂತ ಅದಕ್ಕ ಕಲಿಸಬ್ಯಾಡ್ರಿ."

"ಅವಳಮ್ಮ ಕೊಡಿ ಅಂತಿದಾರೆ."

"ಆಕಿ ತಾಯಿ. ಆಕೀ ಸಂಕಟ ಆಕಿಗೆ. ನೀವು ಅಕ್ಕೋರು."

ಅಷ್ಟು ಹೇಳಿ ಮೊಮ್ಮಗಳನ್ನು ಕೂಗಿ ಹೊರಟೇಬಿಟ್ಟರು.

ಮರುದಿನ ನಾನು ಆ ಕಾಗದಕ್ಕೆ ಅಂಕ ಕೊಡಲಿಲ್ಲ, ತಪ್ಪೆಂದೂ ಬರೆಯಲಿಲ್ಲ. ಬಿಡುವಿನಲ್ಲಿ ಹುಡುಗಿಯನ್ನು ಕರೆದು ಕಾಗದ ಅವಳ ಕೈಗೇ ಕೊಟ್ಟೆ. "ಈ ಕೆಲಸ ಇನ್ನು ಯಾರಿಗೂ ಇಲ್ಲ. ನಿನ್ನ ಮನೆಯ ವಿಷಯ ನಿನ್ನದು. ನಾನು ಅದನ್ನು ಗೋಡೆಗೆ ಹಚ್ಚಿದ್ದು ನನ್ನ ತಪ್ಪು. ನಿನ್ನದು ಏನೂ ತಪ್ಪಿಲ್ಲ," ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ಕಾಗದ ಮಡಚಿ, ಮತ್ತೂ ಮಡಚಿ ಜೇಬಿಗೆ ತುರುಕಿಕೊಂಡಳು. ತಾಯಿಗೂ ಅದನ್ನೇ ಬರೆದೆ. ಉತ್ತರ ಬರಲಿಲ್ಲ.

ಇನ್ನು ಗುರುವಾರದ ಪರೀಕ್ಷಣೆ. ಡಬ್ಬಿ ತೆರೆದು ಕುಟುಂಬದ ಕಾರ್ಡುಗಳನ್ನು ಹರಡಿಕೊಂಡೆ. 'ಆಗ': ಹ್ಯಾಟು ಹಾಕಿದ ಅಪ್ಪ, ಏಪ್ರನ್ ಕಟ್ಟಿದ ಅಮ್ಮ. 'ಈಗ': ಸೋಫಾ ಮೇಲೆ ಎಲ್ಲರೂ ನಗುತ್ತಿರುವುದು. ಆ ಸೋಫಾದ ಮುಂದೆ ಈ ಹುಡುಗಿಯನ್ನು ಕೂರಿಸಿ 'ನಿನ್ನ ಮನೆ ಯಾವುದರ ಹಾಗಿದೆ' ಎಂದು ಕೇಳಲು ನನಗೆ ಆಗುವುದಿಲ್ಲ ಎಂದು ಆಗಲೇ ತೀರ್ಮಾನಿಸಿದೆ. ಬದಲಾವಣೆಗೆ ನನಗೆ ಬೇಕಾದ ಸಾಕ್ಷಿ ಯಾರ ಮನೆಯಿಂದಲೂ ಬರಬಾರದು. ಹಾಗಾದರೆ ಉಳಿದದ್ದು ಒಂದೇ ಜಾಗ: ನಾವು ದಿನವೂ ಕೂರುವ ಕಟ್ಟಡ.

ಪ್ರಿನ್ಸಿಪಾಲರಿಗೆ ಹೇಳಲು ಹೋದೆ.

"ನಾನು ಡಬ್ಬಿ ಎಂದು ಹೇಳಿದ್ದೆ," ಎಂದರು.

"ಕುಟುಂಬದ ಕಾರ್ಡುಗಳನ್ನು ನಾನು ಬಳಸುವುದಿಲ್ಲ. ಶಾಲೆಯ ಭಾಗ ಮಾತ್ರ ಮಾಡುತ್ತೇನೆ, ಈ ಶಾಲೆಯಲ್ಲೇ."

ಅವರು ಕನ್ನಡಕ ತೆಗೆದರು. "ಪರೀಕ್ಷಣೆ ನಿಮ್ಮದು. ಕಂಡದ್ದನ್ನು ನಾನು ಬರೆಯುತ್ತೇನೆ. ಕಾಣದ್ದನ್ನೂ ಬರೆಯುತ್ತೇನೆ."

ಬುಧವಾರ ಶಾಲೆ ಬಿಟ್ಟ ಮೇಲೆ ಗೋಡೆಗಳನ್ನು ತಡವುತ್ತಾ ಕಾರಿಡಾರ್ ತುಂಬ ಓಡಾಡಿದೆ. ಒಂದು ಕಡೆ ಇಟ್ಟಿಗೆಯ ಬಣ್ಣ ಬೇರೆ. ಅಲ್ಲಿ ಹಿಂದೆ ಬಾಗಿಲಿತ್ತು. ನಲ್ಲಿಯ ಹಳೆಯ ಪೈಪು ಕತ್ತರಿಸಿ ಮುಚ್ಚಿದ ಗುರುತಿತ್ತು. ನಮ್ಮ ಕೋಣೆಯ ನೆಲದಲ್ಲಿ ಒಂದು ಗೋಡೆ ನಿಂತಿದ್ದ ಗೆರೆ. ಆಫೀಸಿನ ಕಪಾಟಿನಿಂದ ಹಳೆಯ ತರಗತಿ ಫೋಟೊಗಳ ಒಂದು ಕಟ್ಟನ್ನು ಕೇಳಿ ತಂದೆ. ಐದೈದು ಮಕ್ಕಳಿಗೆ ಒಂದು ಅಳತೆ ಟೇಪು, ಒಂದು ಕ್ಲಿಪ್‌ಬೋರ್ಡು. ಬರೆಯಲು ಮೂರೇ ಸಾಲು: ಮೊದಲು ಹೀಗಿತ್ತು. ಈಗ ಹೀಗಿದೆ. ನನಗೆ ಗೊತ್ತಾದದ್ದು ಹೇಗೆಂದರೆ.

ಗುರುವಾರ ಪ್ರಿನ್ಸಿಪಾಲರು ಹಿಂದೆ ಕೂತು ಟೈಪ್ ಮಾಡತೊಡಗಿದರು. ಮೊದಲ ಹತ್ತು ನಿಮಿಷ ಎಲ್ಲ ಕೆಟ್ಟಿತು. ಇಬ್ಬರು ಟೇಪಿಗಾಗಿ ಕಿತ್ತಾಡಿದರು. ಒಂದು ಗುಂಪು ಫೈರ್ ಅಲಾರಂ ಅಳೆಯಲು ಕುರ್ಚಿ ಹತ್ತಿತು. ಫೋಟೊ ನೋಡಿದ ಮಗುವೊಂದು ಜೋರಾಗಿ "ಇವರೆಲ್ಲ ಸತ್ತಿದ್ದಾರಾ?" ಎಂದು ಕೇಳಿತು. ಇಲ್ಲ, ಇವರಲ್ಲಿ ಹಲವರು ಈಗ ಅಜ್ಜ ಅಜ್ಜಿ ಆಗಿರಬಹುದು ಎಂದೆ. ಹಿಂದಿನಿಂದ ಟೈಪ್ ಮಾಡುವ ಸದ್ದು ಜೋರಾಯಿತು.

ಹುಡುಗಿ ತನ್ನ ಗುಂಪಿನ ಜೊತೆ ಹೋಗಲಿಲ್ಲ. ಕೋಟು ತೂಗುಹಾಕುವ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ನಾನು ಒತ್ತಾಯಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ತಿರುಗಿ ಗೋಡೆಯನ್ನು ಉಗುರಿನಿಂದ ಕೆರೆಯುತ್ತಿರುವುದು ಕಂಡಿತು. ಹತ್ತಿರ ಹೋಗಿ ಕೂತೆ.

"ಏನು ಸಿಕ್ಕಿತು?"

"ತೂತುಗಳು," ಎಂದಳು ಇಂಗ್ಲಿಷಿನಲ್ಲಿ. ಬಣ್ಣದಡಿ ಮುಚ್ಚಿದ ಮೊಳೆಯ ಗುರುತುಗಳು, ಸಾಲಾಗಿ, ಈಗಿನ ಕೊಕ್ಕೆಗಳಿಗಿಂತ ಒಂದಡಿ ಕೆಳಗೆ. ಹಿಂದಿನ ದಿನ ನಾನೇ ಅವನ್ನು ನೋಡಿರಲಿಲ್ಲ. ಅವಳು ಎದ್ದು ನಿಂತು ಅಳೆದಳು. ತೂತುಗಳ ಸಾಲು ಅವಳ ಎದೆಯ ಮಟ್ಟಕ್ಕೂ ಬರಲಿಲ್ಲ. "ಇಲ್ಲಿ ನಮಗಿಂತ ಚಿಕ್ಕ ಮಕ್ಕಳಿದ್ದರು."

"ಯಾರಾದರೂ ಹೇಳಿದರಾ?"

"ಯಾರೂ ಹೇಳಿಲ್ಲ. ಪೇಂಟ್ ಮಾಡಿದ್ದಾರೆ. ಆದರೂ ಗೊತ್ತಾಗುತ್ತೆ."

ಫೋಟೊಗಳ ಕಟ್ಟು ಬಿಚ್ಚಿ ಹುಡುಕಿದೆವು. ನಾಲ್ಕನೆಯದರಲ್ಲಿ ಅದೇ ಕಿಟಕಿ, ಅದೇ ಗೋಡೆ, ಕೆಳಗಿನ ಕೊಕ್ಕೆಗಳಲ್ಲಿ ಪುಟ್ಟ ಕೋಟುಗಳು. ಇಡೀ ತರಗತಿ ಅವಳ ಸುತ್ತ ಸೇರಿತು. ಎಲ್ಲರಿಗೂ ಆ ತೂತು ಮುಟ್ಟಬೇಕು. ಅವಳು ಒಬ್ಬೊಬ್ಬರ ಬೆರಳನ್ನೂ ಹಿಡಿದು ಅದರ ಮೇಲಿಟ್ಟು ತೋರಿಸಿದಳು. ಊಟದ ಗಂಟೆ ಬಾರಿಸಿದರೂ ಯಾರೂ ಸಾಲು ಕಟ್ಟಲಿಲ್ಲ. ಪ್ರಿನ್ಸಿಪಾಲರು ಲ್ಯಾಪ್‌ಟಾಪ್ ಮುಚ್ಚಿ, ಹೊರಗೆ ಹೋದರು.

ವರದಿ ಬಂತು. ಪ್ರಶ್ನೆ ಕೇಳುವ ವಿಧಾನ ಚೆನ್ನಾಗಿದೆ. ಯೋಜನೆ, ಸಮಯಪಾಲನೆ, ಪೋಷಕರೊಡನೆ ಸಂಪರ್ಕ, ಮೂರೂ ಸುಧಾರಿಸಬೇಕು. ಮುಂದಿನ ವರ್ಷಕ್ಕೆ ಇಟ್ಟುಕೊಂಡರು, ತಿಂಗಳಿಗೊಮ್ಮೆ ನನ್ನ ಮೇಲೆ ನಿಗಾ ಎಂಬ ಷರತ್ತಿನ ಮೇಲೆ. ಆ ಮೂರರಲ್ಲಿ ಒಂದನ್ನೂ ಅನ್ಯಾಯ ಎನ್ನಲಾರೆ.

ಹುಡುಗಿಯನ್ನು ಮುಂದಿನ ಸೋಮವಾರವೇ ಪಕ್ಕದ ತರಗತಿಗೆ ಹಾಕಿದರು. ತನ್ನ ಪೆನ್ಸಿಲ್ ಡಬ್ಬ, ಕೋಟು, ಪುಸ್ತಕ ಎಲ್ಲ ತಾನೇ ಹೊತ್ತುಕೊಂಡು ಹೋದಳು. ಸಹಾಯ ಬೇಕೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು. ಆಮೇಲೆ ಕಾರಿಡಾರ್‌ನಲ್ಲಿ ಎದುರಾದಾಗ ಅವಳು ನಕ್ಕರೆ ನಾನು ನಗುತ್ತಿದ್ದೆ, ನಗದಿದ್ದರೆ ಸುಮ್ಮನೆ ದಾಟುತ್ತಿದ್ದೆ. ತರಗತಿಯಲ್ಲಿ ಇಪ್ಪತ್ತೊಂದು ಮಕ್ಕಳಿದ್ದರು. ಹಾಜರಿ ಕರೆಯುವಾಗ ಒಂದು ವಾರ ಅವಳ ಹೆಸರಿನ ಜಾಗದಲ್ಲಿ ನಾಲಿಗೆ ನಿಲ್ಲುತ್ತಿತ್ತು.

ಫೆಬ್ರುವರಿಯ ಒಂದು ಮಧ್ಯಾಹ್ನ ಮಕ್ಕಳನ್ನು ಕರೆದೊಯ್ಯಲು ಬರುವ ಕಾರುಗಳ ಸಾಲನ್ನು ಸಾಗಿಸುವ ಸರದಿ ನನ್ನದಾಗಿತ್ತು. ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಕೈಗವಸಿನೊಳಗೂ ಬೆರಳು ಮರಗಟ್ಟಿತ್ತು. ಒಂದು ಕಾರು ನನ್ನ ಎದುರು ನಿಂತು ಕಿಟಕಿ ಅರ್ಧ ಇಳಿಯಿತು. ಒಳಗೆ ಹುಡುಗಿಯ ತಾಯಿ. ನವೆಂಬರ್ ಆದ ಮೇಲೆ ನಾವು ಮಾತಾಡಿರಲಿಲ್ಲ.

"ಅತ್ತೆ ಹತ್ರ ನೀವೇನಾದ್ರೂ ಮಾತಾಡಿದ್ರಾ?"

"ಇಲ್ಲ. ನವೆಂಬರ್‌ನಲ್ಲಿ ಒಂದ್ಸಲ ಅವರೇ ಬಂದು ಬೈದಿದ್ರು."

ಅವರು ಸ್ಟೀರಿಂಗ್ ನೋಡುತ್ತಾ ಕೂತರು. "ಊರಿಗೆ ವಾಪಸ್ ಹೋಗೋದಕ್ಕೆ ಮುಂಚೆ ಕೊನೇ ತಿಂಗಳು ನನ್ನ ಜೊತೆ ಇರು, ವಾರೆನ್‌ಗೆ ಬಾ ಅಂತ ಅವ್ರ ಮಗ ಕಾರ್ ತಗೊಂಡು ಬಂದಿದ್ರು. ಬ್ಯಾಗ್ ಕೂಡ ಪ್ಯಾಕ್ ಮಾಡಿದ್ರು. ಅತ್ತೆ ಹೋಗಲ್ಲ ಅಂದ್ಬಿಟ್ರು. ಇದ್ರೆ ನನ್ನ ಸೊಸೆ ಮನೇಲೇ ಇರ್ತೀನಿ ಅಂದ್ರು."

"ಒಳ್ಳೇದಾಯ್ತು," ಎಂದೆ.

"ಅದು ನಿಮ್ಮಿಂದ ಆಯ್ತು ಅಂದ್ಕೋಬೇಡಿ."

"ಅಂದ್ಕೊಳ್ಳಲ್ಲ."

"ಆ ಕೂಸು ನಂಗೆ ಖರೆ ಹೇಳ್ತು, ಅದನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ಅಂತಾರೆ," ಎಂದರು. ಅತ್ತೆಯ ಮಾತನ್ನು ಹೇಳುವಾಗ ಅವರ ಬೆಂಗಳೂರು ಕನ್ನಡಕ್ಕೆ 'ಕೂಸು', 'ಖರೆ' ಎರಡೂ ತಾನಾಗಿ ಬಂದಿದ್ದವು. ಅದು ಅವರಿಗೇ ಗೊತ್ತಾದಂತಿರಲಿಲ್ಲ.

ಹಿಂದಿನ ಕಾರು ಹಾರ್ನ್ ಹೊಡೆಯಿತು. ಅವರು ಕಿಟಕಿ ಏರಿಸಿದರು. ನಾನು ಕೈ ಬೀಸಿ ಸಾಲನ್ನು ಮುಂದಕ್ಕೆ ಬಿಟ್ಟೆ.